ಹರಳೆಣ್ಣೆಯ ಬೀದಿ

ಹರದನಹಳ್ಳಿಯ ಗಾಣದ ಮರಿಯಯ್ಯನವರು ಮದ್ದೂರು ಕಾಡಿನ ಅಂಚಿನಿಂದ ಒಂದು ಹುಣಸೆ ಬೊಡ್ಡೆಯನ್ನು ಮೂರು ಜೋಡಿ ಎತ್ತು ಹೂಡಿ ಎಳೆಸಿಕೊಂಡು ಬಂದರು. ದಾರಿಯಲ್ಲೇ ಒಂಬತ್ತು ದಿನ ಕಳೆಯಿತಂತೆ, ಒಂದು ಎತ್ತು ಕುಂಟಾಯಿತಂತೆ. ಆ ಬೊಡ್ಡೆಯನ್ನು ಕೊರೆಸಿ ಮಾಡಿದ ಗಾಣ ಮೂರು ತಲೆಮಾರಿಗೆ ಎಣ್ಣೆ ಕೊಟ್ಟಿತು. ಪ್ಲೇಗು ಬಂದು ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಾಗ ಮರಿಯಯ್ಯನವರು ಮಾತ್ರ ಊರು ಬಿಡಲಿಲ್ಲ. "ಜನ ಓದ್ರೆ ಬತ್ತರೆ. ಈಸ್ವರನ ಮುಂದಿನ ದೀಪ ಓದ್ರೆ ಬಂದದಾ?" ಅಂದರಂತೆ.

ಅವರ ಮಗ ಮುದ್ದಯ್ಯನವರು. ಅಂಗೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು, ಬಾಯಿಂದ ಊದಿ ನೋಡಿ, ಇದು ಯಾವ ಊರಿನ ಎರೆಹೊಲದ ಎಳ್ಳು ಎಂದು ಹೇಳುತ್ತಿದ್ದವರು. ಮುದ್ದಯ್ಯನವರ ಹೆಂಡತಿ ದೊಡ್ಡಮಲ್ಲಮ್ಮ ಪ್ರತಿ ವರ್ಷ ಯುಗಾದಿಗೆ ಮುಂಚೆ ಮನೆಯ ಬಾಗಿಲಿಗೂ ಗಾಡಿಯ ಮೂಕಿಮರಕ್ಕೂ ಎಣ್ಣೆ ತಿಕ್ಕುತ್ತಿದ್ದರು. ಆ ಬಾಗಿಲುಗಳು ಇವತ್ತಿಗೂ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತವೆ. ಯಾವ ಎಣ್ಣೆ ತಿಕ್ಕುತ್ತಿದ್ದರು ಎಂದು ಮನೆಯ ಮಕ್ಕಳು ಯಾರೂ ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಏನಾಯಿತು ಎಂಬುದು ಮುಂದೆ ಬರುತ್ತದೆ.

ಮುದ್ದಯ್ಯನವರ ಮಗ ಸಿದ್ದಮಲ್ಲಪ್ಪನವರು ಗಾಣವನ್ನು ಬಿಚ್ಚಿ ಗಾಡಿಗೆ ಹೇರಿಕೊಂಡು, ತಾಯಿಯನ್ನೂ ಕರೆದುಕೊಂಡು ಗುಂಡ್ಲುಪೇಟೆಗೆ ಬಂದರು. ಊಟಿ ರಸ್ತೆಗೂ ಕೇರಳದ ರಸ್ತೆಗೂ ಸಲ್ಲುವ ಊರು, ಲಾರಿಯವರು ನಿಲ್ಲುತ್ತಾರೆ, ಎಣ್ಣೆ ಹೋಗುತ್ತದೆ ಎಂಬುದು ಅವರ ಲೆಕ್ಕ. ಅವರ ಹೆಂಡತಿ ಗುರುಮಲ್ಲಮ್ಮನವರು ತಲೆಯ ಮೇಲೆ ಎಣ್ಣೆಯ ತಪ್ಪಲೆ ಹೊತ್ತು ಸುತ್ತಿನ ಹಳ್ಳಿಗಳಲ್ಲಿ ಮಾರಿ ಬರುತ್ತಿದ್ದರು. ಈ ಇಬ್ಬರಿಗೆ ಹುಟ್ಟಿದ ಒಬ್ಬಳೇ ಮಗಳು ನೀಲಾವತಿ, ಊರಿನ ಬಾಯಲ್ಲಿ ನೀಲಮ್ಮ. ನಾನು ಬರೆಯಹೊರಟಿರುವುದು ಇವರ ವಿಚಾರ. ಅವರ ಮನೆಯ ಎದುರಿಗೆ ನನ್ನ ಸೈಕಲ್ ಷಾಪು ನಲವತ್ತು ವರ್ಷದಿಂದ ಇದೆ. ಹಾಗಾಗಿ ಕಣ್ಣಾರೆ ಕಂಡದ್ದು ಹೆಚ್ಚು, ಕೇಳಿದ್ದು ಕಡಿಮೆ.

ಗಾಣ ನೋಡದ ಈಗಿನ ಮಕ್ಕಳಿಗೆ ಒಂದು ಮಾತು ಹೇಳಬೇಕು. ಗಾಣ ಎಂದರೆ ಒಂದು ದೊಡ್ಡ ಮರದ ಒರಳು. ಒಳಗೆ ನಿಂತ ಒಂದು ದಿಮ್ಮಿ. ಆ ದಿಮ್ಮಿಗೆ ಒಂದು ಹಲಗೆ ಸೇರಿಸಿ, ಹಲಗೆಗೆ ಎತ್ತು ಕಟ್ಟಿ ಸುತ್ತಿಸುವುದು. ಎತ್ತಿಗೆ ತಲೆ ತಿರುಗದಿರಲಿ ಎಂದು ಕಣ್ಣಿಗೆ ಬಟ್ಟೆ. ಹಲಗೆಯ ಮೇಲೆ ಭಾರ ಬೇಕು, ಇಲ್ಲದಿದ್ದರೆ ಕಾಳು ಅರೆಯುವುದಿಲ್ಲ. ಭಾರಕ್ಕೆ ಕಲ್ಲು ಇಡುತ್ತಿದ್ದರು. ಸಿದ್ದಮಲ್ಲಪ್ಪನವರು ಒಂದು ಕಲ್ಲು ಕಡಿಮೆ ಇಟ್ಟು, ಆ ಜಾಗದಲ್ಲಿ ಮಗಳನ್ನು ಕೂರಿಸುತ್ತಿದ್ದರು. ಮಗು ಕಣ್ಣೆದುರೇ ಇದ್ದ ಹಾಗೂ ಆಯಿತು, ಎಣ್ಣೆ ಇಳಿದ ಹಾಗೂ ಆಯಿತು. ನೀಲಮ್ಮ ನಾಲ್ಕು ವರ್ಷದಿಂದ ಒಂಬತ್ತು ವರ್ಷದವರೆಗೆ, ಸ್ಕೂಲು ಇಲ್ಲದ ಹೊತ್ತಿನಲ್ಲೆಲ್ಲ, ಆ ಹಲಗೆಯ ಮೇಲೆ ಸುತ್ತಿದವರು. ಎಷ್ಟು ಸುತ್ತು ಎಂದರೆ ಯಾರು ಹೇಳಿಯಾರು. ನೇರಕ್ಕೆ ಹಾಸಿದ್ದರೆ ಕಾಶಿ ಮುಟ್ಟಿ ವಾಪಸ್ಸು ಬರುತ್ತಿದ್ದರೋ ಏನೋ.

ಆ ಗಾಣದ ಮನೆಯ ಪಡುವಣ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇತ್ತು. ಯಾವುದೋ ಎಂಜಿನ್ ಕಂಪನಿಯವರು ಕೊಟ್ಟದ್ದು. ತಿಂಗಳ ಹಾಳೆಗಳು ಹರಿದು ಹೋಗಿ ಚಿತ್ರ ಮಾತ್ರ ಉಳಿದಿತ್ತು. ಎರಡು ಮೊಳ ಅಗಲದ ಚಿತ್ರ. ಯಾವ ದೇಶದ್ದೋ ಒಂದು ಪಟ್ಟಣದ ಬೀದಿ. ಆಗ ತಾನೆ ಮಳೆ ನಿಂತಿದೆ. ಎರಡು ಕಡೆಯೂ ಐದಾರು ಅಂತಸ್ತಿನ ಮನೆಗಳು, ನಡುವೆ ನೆನೆದ ರಸ್ತೆ, ರಸ್ತೆಯಲ್ಲಿ ದೀಪದ ಬಿಂಬ. ಕುದುರೆ ಗಾಡಿ ಎರಡು. ಕೊಡೆ ಹಿಡಿದ ಗಂಡಸರು, ಟೋಪಿ ಹಾಕಿದ ಮಕ್ಕಳು, ಒಬ್ಬ ಹೂವಿನವಳು. ಎಲ್ಲ ಸೇರಿ ಇಪ್ಪತ್ತಮೂರು ಜನ. ಬಲಗಡೆ ಕೆಳಮೂಲೆಯಲ್ಲಿ ಬೆನ್ನು ತಿರುಗಿಸಿ, ಕೈಗೆ ಬುಟ್ಟಿ ಹಾಕಿಕೊಂಡು, ಬೀದಿಯೊಳಕ್ಕೆ ನಡೆದು ಹೋಗುತ್ತಿರುವ ಒಬ್ಬ ಹೆಂಗಸು.

ಹಲಗೆ ಒಂದು ಸುತ್ತು ಬಂದಾಗ ಒಂದು ಸಲ ಆ ಬೀದಿ ಎದುರಾಗುತ್ತಿತ್ತು. ಉಳಿದ ಹೊತ್ತೆಲ್ಲ ಹಿಂಡಿ ಚೀಲ, ಎಣ್ಣೆ ಡಬ್ಬ, ಎತ್ತಿನ ಬಾಲ. ಮತ್ತೆ ಬೀದಿ. ನೀಲಮ್ಮ ಅವರಲ್ಲಿ ಇಪ್ಪತ್ತೆರಡು ಜನಕ್ಕೆ ಹೆಸರಿಟ್ಟಿದ್ದರು. ಕೊಡೆಯವನು ಶಾನುಭೋಗ, ಹೂವಿನವಳು ತೆರಕಣಾಂಬಿ ದೊಡ್ಡಮ್ಮ, ಹೀಗೆ. ಮೂಲೆಯ ಹೆಂಗಸಿಗೆ ಹೆಸರು ಇಟ್ಟವರು ಗುರುಮಲ್ಲಮ್ಮನವರೇ. ಒಂದು ಬೆಳಿಗ್ಗೆ ತಪ್ಪಲೆ ತುಂಬಿಸಿಕೊಳ್ಳುತ್ತಾ ಮಗಳಿಗೆ ಹೇಳಿದರಂತೆ:

"ಅದು ನಾನೇ ಕಣಮ್ಮಿ. ಪ್ಯಾಟೆಗೆ ಎಣ್ಣೆ ಮಾರಕ್ಕೆ ಓಗಿವ್ನಿ."

"ಮತ್ತೆ ತಿರುಕ್ಕಂಡು ನೋಡಲ್ವಲ್ಲವ್ವ?"

"ನೋಡುದ್ರೆ ನೀನು ಅಳ್ತೀಯೆ. ನೀನು ಅತ್ರೆ ನಾನು ವಾಪಸ್ ಬತ್ತಿನಿ. ವಾಪಸ್ ಬಂದ್ರೆ ಎಣ್ಣೆ ಯಾರು ಮಾರರು, ನಿಮ್ಮಪ್ಪನಾ? ಅವ್ರು ಮಾರುದ್ರೆ ಅಳ್ತೆ ಮೇಲೆ ಒಂದ್ ಅಳ್ತೆ ಉಯ್ದುಬುಟ್ಟು ಬತ್ತರೆ."

ಅಂದಿನಿಂದ ಗುರುಮಲ್ಲಮ್ಮನವರು ಹೊರಟು ಹೋದ ಮೇಲೂ ಮಗಳಿಗೆ ಪ್ರತಿ ಸುತ್ತಿಗೆ ಒಂದು ಸಲ ಕಾಣುತ್ತಿದ್ದರು. ಗುರುಮಲ್ಲಮ್ಮನವರ ನಡಿಗೆ ನನಗೂ ಅಷ್ಟಿಷ್ಟು ನೆನಪಿದೆ. ಯಾವ ಕಾಲದಲ್ಲೋ ಗಾಣದೆತ್ತು ಎಡಗಾಲು ತುಳಿದಿತ್ತು. ತಲೆಯ ಮೇಲೆ ತಪ್ಪಲೆ ಇದ್ದರೂ ಕತ್ತು ಅಲುಗದು, ಎಡಗಾಲು ಮಾತ್ರ ಕೊಂಚ ಹೊರಕ್ಕೆ ಬೀಳುತ್ತಿತ್ತು. ಊರಿನಿಂದ ಊರಿಗೆ ಹಾಗೇ ನಡೆದರು, ಒಂದು ತೊಟ್ಟು ಚೆಲ್ಲಲಿಲ್ಲ. ಅವರು ತೀರಿಹೋಗಿ ಮೂವತ್ತೊಂದು ವರ್ಷವಾಯಿತು. ಮುಖದ ಫೋಟೋ ಒಂದಿದೆ, ವೋಟಿನ ಕಾರ್ಡಿಗೆ ತೆಗೆಸಿದ್ದು. ನೀಲಮ್ಮ ಅದನ್ನು ತೋರಿಸಿ ನಗುತ್ತಾರೆ. "ಈ ಮುಖ ನಂಗೆ ಅಷ್ಟು ಗುರ್ತಿಲ್ಲ ಅಣ್ಣ. ನಮ್ಮವ್ವ ಮನೇಲಿ ನಿಂತಿದ್ದು ಯಾವಾಗ? ನಂಗೆ ಗುರ್ತಿರದು ಬೆನ್ನು."

ಕಾಲ ಸರಿಯಿತು. ಕರೆಂಟಿನ ಯಂತ್ರ ಬಂತು, ಎತ್ತು ಮಾರಿದರು, ಗಾಣವನ್ನು ಹಿತ್ತಿಲಿಗೆ ಇಟ್ಟರು. ನೀಲಮ್ಮನಿಗೆ ಮನೆಯಳಿಯನನ್ನು ತಂದರು, ಆ ಯಜಮಾನರು ಒಳ್ಳೆಯವರು, ತೀರಿಕೊಂಡು ಹನ್ನೆರಡು ವರ್ಷ. ಈಗ ಮಗ ಸೋಮೇಶ್ ಮಿಲ್ಲು ನೋಡಿಕೊಳ್ಳುತ್ತಾನೆ. ಮೊಮ್ಮಗಳು ನಯನಾ ಕಾಲೇಜಿಗೆ ಹೋಗುತ್ತಾಳೆ. ಇದೆಲ್ಲದರ ನಡುವೆ ಕ್ಯಾಲೆಂಡರ್ ಅದೇ ಗೋಡೆಯ ಮೇಲೇ ಇತ್ತು.

ಎರಡು ವರ್ಷದ ಹಿಂದೆ ಸುಣ್ಣ ಹೊಡೆಸಲು ಅದನ್ನು ಇಳಿಸಿದರು. ಕೈಗೆ ತೆಗೆದುಕೊಂಡರೆ ಹಪ್ಪಳದ ಹಾಗೆ ಮುರಿಯುತ್ತಿದೆ. ಬೆಳ್ಳಿಮೀನು ಹುಳು ಮೇಲಿನ ಮನೆಗಳ ಛಾವಣಿಯನ್ನೆಲ್ಲ ತಿಂದಿದೆ, ಶಾನುಭೋಗನ ಕೊಡೆ ಅರ್ಧ ಹೋಗಿದೆ. ಮೂಲೆಯ ಹೆಂಗಸಿನ ಹತ್ತಿರಕ್ಕೆ ಇನ್ನು ನಾಲ್ಕು ಬೆರಳು ಬಾಕಿ, ಆದರೆ ಎಣ್ಣೆ ಜಿಡ್ಡು ಹತ್ತಿ ಅವಳು ಬರೀ ಒಂದು ಕಪ್ಪು ಬೆನ್ನಾಗಿ ಕಾಣುತ್ತಿದ್ದಳು. ನೀಲಮ್ಮ ಅದನ್ನು ಅಕ್ಕಿ ಕೇರುವ ಮೊರದಲ್ಲಿ ಮಲಗಿಸಿಕೊಂಡು ನನ್ನ ಷಾಪಿಗೆ ಬಂದರು.

"ಅಣ್ಣ, ಇದು ಇನ್ನೊಂದು ಮಳೆಗಾಲ ಕಂಡದಾ?"

"ಕಾಣದು ನೀಲಮ್ಮ. ಗಾಜು ಹಾಕ್ಸಿ."

"ಗಾಜ್ ಒಳ್ಗೆ ಉಳ ತಿನ್ನಲ್ವಾ? ಇದ್ನ ಇನ್ನೊಂದ್ ಸಲ ಬರೀಬೇಕು."

"ಯಾರು ಬರೆಯೋರು?"

"ಯಾಕೆ, ನಂಗೆ ಕೈ ಇಲ್ವಾ?"

ನಯನಾ ಹೈಸ್ಕೂಲಿನಲ್ಲಿದ್ದಾಗ ಚಿತ್ರದ ಸ್ಪರ್ಧೆಯಲ್ಲಿ ಗೆದ್ದು ಒಂದು ಬಣ್ಣದ ಪೆಟ್ಟಿಗೆ ತಂದಿದ್ದಳು. ಹನ್ನೆರಡು ಟ್ಯೂಬು, ಮೂರು ಕುಂಚ. ಅದು ನೀರಿನ ಬಣ್ಣವಲ್ಲ, ಎಣ್ಣೆಯ ಬಣ್ಣ ಎಂದು ತಿಳಿದು ಅಟ್ಟಕ್ಕೆ ಎಸೆದಿದ್ದಳು. ನೀಲಮ್ಮ ಆ ಪೆಟ್ಟಿಗೆ ಇಳಿಸಿದರು. "ಎಣ್ಣೆ ಅಂದ್ಮೇಲೆ ಮುಗೀತಲ್ಲ ಕೂಸೇ," ಅಂದರು ಮೊಮ್ಮಗಳಿಗೆ, "ಎಣ್ಣೆ ವಿಚಾರ ನಮಗೆ ಯಾವ ಮೇಷ್ಟ್ರು ಹೇಳಾರು?"

ನಾನು ಇಲ್ಲಿ ಅವರ ಪರ. ನಾನೂ ಸೈಕಲ್ಲನ್ನು ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ ಕಲಿತವನು. ಅಕ್ಷರವನ್ನೂ ಹಾಗೇ ಕಲಿತೆ. ಹೇಳಿಸಿಕೊಂಡು ಕಲಿತವನಿಗೆ ತಪ್ಪು ಮಾಡಿದರೆ ನಾಚಿಕೆ. ತಾನೇ ಕಲಿತವನಿಗೆ ತಪ್ಪೇ ಬಿತ್ತನೆ ಬೀಜ.

ಅವರು ಕೆಲಸಕ್ಕೆ ಇಳಿದ ರೀತಿ ನೋಡಬೇಕಿತ್ತು. ಜರಡಿ ಮಾಡುವ ಮರದ ಚೌಕಟ್ಟಿಗೆ ಕೋರಾ ಬಟ್ಟೆ ಎಳೆದು ಮೊಳೆ ಹೊಡೆದರು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಗಂಜಿ ಕಾಯಿಸಿ ಬಟ್ಟೆಗೆ ಎರಡು ಸಲ ಬಳಿದರು. ಹಳೇ ಕಾಲದಲ್ಲಿ ಕಂಬಳಿಗೆ ಹಾಕುತ್ತಿದ್ದ ಗಂಜಿ ಅದೇ. ಅದರ ಮೇಲೆ ಸೀಮೆಸುಣ್ಣ ಅರೆದು ಬಳಿದರು. ಒಣಗಿದಾಗ ಬೆರಳಿನಲ್ಲಿ ಬಡಿದರೆ ತಮಟೆಯ ಹಾಗೆ ಸದ್ದು ಬರುತ್ತಿತ್ತು. ಇನ್ನು ಚಿತ್ರ ಇಳಿಸುವುದು. ಕ್ಯಾಲೆಂಡರಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಸಿ, ರಂಗೋಲಿಗೆ ಇಡುವ ಹಾಗೆ ಚುಕ್ಕಿ ಇಟ್ಟರು. ಅಡ್ಡಕ್ಕೆ ಇಪ್ಪತ್ತೊಂದು, ಉದ್ದಕ್ಕೆ ಹದಿನೈದು. ಬಟ್ಟೆಯ ಮೇಲೂ ಅಷ್ಟೇ. ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಗೆರೆ ಹೋಗಿದೆ ಎಂದು ಎಣಿಸಿ ಎಣಿಸಿ ಬೀದಿ ಎಳೆದರು. ಡ್ರಾಯಿಂಗ್ ಓದಿದವರು ಚೌಕ ಹಾಕಿ ಇದೇ ಕೆಲಸ ಮಾಡುತ್ತಾರೆ ಎಂದು ಆಮೇಲೆ ಗೊತ್ತಾಯಿತು. ನೀಲಮ್ಮನಿಗೆ ಅದನ್ನು ಯಾರೂ ಹೇಳಿರಲಿಲ್ಲ, ಪ್ರತಿ ಬೆಳಿಗ್ಗೆ ಬಾಗಿಲ ಮುಂದೆ ಹಾಕುವ ರಂಗೋಲಿ ಹೇಳಿತ್ತು.

ತಪ್ಪು ಆದದ್ದು ಎಣ್ಣೆಯಲ್ಲೇ. ಟ್ಯೂಬಿನ ಬಣ್ಣ ಗಟ್ಟಿಯಾಗಿತ್ತು, ಸಡಿಲ ಮಾಡಲು ಎಣ್ಣೆ ಬೇಕು. ಅದಕ್ಕೆಂದೇ ಎಣ್ಣೆ ಸಿಗುತ್ತದೆ, ಮೈಸೂರಿನಿಂದ ತರಿಸಿಕೊಳ್ಳಿ ಎಂದು ನಯನಾ ಫೋನಿನಲ್ಲಿ ನೋಡಿ ಹೇಳಿದಳು. ನೀಲಮ್ಮ ಕುಂಚ ಕೆಳಗಿಟ್ಟರು.

"ಗಾಣದ ಮರಿಯಯ್ಯನ ಮರಿಮೊಮ್ಮಗಳು ಅಂಗ್ಡೀಲಿ ಎಣ್ಣೆ ತಂದ್ಲು ಅಂದ್ರೆ ಊರು ಯಾತ್ರಲ್ಲಿ ನಕ್ಕದೆ ಗೊತ್ತಾ? ಬಣ್ಣ ಬಟ್ಟೆಗೆ ಕಚ್ಕಬೇಕು. ಕಚ್ಕಬೇಕು ಅಂದ್ರೆ ಜಿಡ್ಡು ಬೇಕು. ಹರಳೆಣ್ಣೆಗಿಂತ ಜಿಡ್ಡು ಯಾವದ್ರಲ್ಲದೆ ಹೇಳು?"

ಮಾತು ಕೇಳಲು ಸರಿಯಾಗೇ ಇತ್ತು. ನಾನೂ ಹೌದು ಅಂದೆ. ಮನೆಯ ಹರಳು, ಮನೆಯ ಎಣ್ಣೆ, ಜೇನಿನ ಹಾಗೆ ಇಳಿಯುತ್ತದೆ. ಅದರಲ್ಲಿ ಕಲಸಿದ ಬಣ್ಣ ಹೇಳಿದ ಹಾಗೆ ಕೇಳಿತು. ನಲವತ್ತು ದಿನದಲ್ಲಿ ಬೀದಿ ಎದ್ದು ನಿಂತಿತು. ಕುದುರೆಗಳು ಸ್ವಲ್ಪ ಹಸುವಿನ ಹಾಗಿದ್ದವು, ಹೂವಿನವಳಿಗೆ ಕತ್ತು ಮರೆತುಹೋಗಿತ್ತು. ಆದರೆ ನೆನೆದ ರಸ್ತೆ ಮಾತ್ರ ನಿಜವಾಗಿ ನೆನೆದ ಹಾಗೇ ಹೊಳೆಯುತ್ತಿತ್ತು. ಮೂಲೆಯಲ್ಲಿ ಬೆನ್ನು ತಿರುಗಿಸಿದ ಹೆಂಗಸು. ಅವಳ ಉಡುಪನ್ನು ಮಾತ್ರ ನೀಲಮ್ಮ ಬದಲಾಯಿಸಿದ್ದರು, ಬಾಳೆಕಾಯಿ ಹಸಿರು ಸೀರೆ. ಅವ್ವನಿಗಿದ್ದ ಸೀರೆಯ ಬಣ್ಣ ಅದು.

ಹೊಳೆಯಿತು, ಹೊಳೆಯುತ್ತಲೇ ಇತ್ತು. ಒಂದು ವಾರ ಆಯಿತು, ಒಣಗಲಿಲ್ಲ. ಒಂದು ತಿಂಗಳಾಯಿತು, ಒಣಗಲಿಲ್ಲ. ಮಿಲ್ಲಿನ ಹುಚ್ಚೆಳ್ಳಿನ ಹೊಟ್ಟು ಹಾರಿ ಬಂದು ಆಕಾಶಕ್ಕೆ ಅಂಟಿತು. ನೊಣ ಕೂತು ಏಳಲಾರದೆ ಶಾನುಭೋಗನ ಟೋಪಿಯಾಯಿತು. ಬಿಸಿಲಿಗಿಟ್ಟರೆ ಮೂರನೇ ಅಂತಸ್ತು ಎರಡನೇ ಅಂತಸ್ತಿಗೆ ಇಳಿಯಿತು. ನನ್ನ ಬಾಯಿ ಸುಮ್ಮನಿರದು.

"ಏನ್ ನೀಲಮ್ಮ, ನಿಮ್ ಬೀದೀಲಿ ಇನ್ನೂ ಮಳೆ ಬುಟ್ಟಿಲ್ವಾ?"

"ಬುಡ್ತದೆ, ಬುಡ್ತದೆ. ನೀವು ಪಂಚರ್ ಹಾಕ್ದ ಟ್ಯೂಬ್ ಗಾಳಿ ಬುಟ್ಟಂಗೆ ಬ್ಯಾಗ ಬುಡಕ್ಕಾದದಾ?"

ಎಣ್ಣೆ ಬರುವ ಹೊತ್ತಿಗೆ ಗಾಣ ಮುರಿಯಿತು ಎಂದು ಗಾದೆ ಇದೆ. ಎರಡನೇ ತಿಂಗಳು ಒಂದು ದಿನ ಅವರು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿದರು, ಅಂಟಲಿಲ್ಲ. ಮೇಲೆ ದೂಳಿನ ಕೆನೆ ಕಟ್ಟಿತ್ತು, ಅಷ್ಟೇ. ಅವರು ಒಣಗಿತು ಎಂದುಕೊಂಡರು. ಅವ್ವನ ಎತ್ತರ ಒಂದು ಚುಕ್ಕಿ ಕಡಿಮೆಯಾಗಿದೆ ಎಂಬ ಅನುಮಾನ ಮೊದಲಿಂದ ಇತ್ತು. ಅಳತೆ ನೋಡಲು ಕ್ಯಾಲೆಂಡರನ್ನು ಮೊರದಿಂದ ಎತ್ತಿ ಚಿತ್ರದ ಮೇಲೆ ಹಾಸಿದರು. ಅಲುಗದಿರಲಿ ಎಂದು ಮೂಲೆಯ ಹೆಂಗಸಿನ ಮೇಲೆ ಹೆಬ್ಬೆಟ್ಟು ಒತ್ತಿ ಹಿಡಿದು ಚುಕ್ಕಿ ಎಣಿಸಿದರು. ಎಣಿಸಿ ಮುಗಿಸುವಷ್ಟರಲ್ಲಿ ಕೆನೆ ಒಡೆದು ಎಣ್ಣೆ ಕಾಗದಕ್ಕೆ ಏರಿತ್ತು. ಹಳೇ ಕಾಗದ ದೋಸೆ ಹೆಂಚಿಗೆ ಹಿಡಿದ ಹಾಗೆ ಹಿಡಿಯಿತು. ಎಳೆದರೆ ಆ ಹೆಂಗಸು ಇದ್ದ ಜಾಗ ಅಲ್ಲೇ ಉಳಿದು, ಸುತ್ತಲಿನದು ಕೈಗೆ ಬಂತು.

ಅವರು ರಸ್ತೆ ದಾಟಿ ಬಂದು ನನ್ನ ಷಾಪಿನ ಸ್ಟೂಲಿನ ಮೇಲೆ ಕುಳಿತರು. ಕಾಗದ ಕೈಯಲ್ಲೇ ಇತ್ತು. ಮೂರು ಚುಕ್ಕಿ ಅಗಲ, ಐದು ಚುಕ್ಕಿ ಎತ್ತರದ ತೂತು. ಬಟ್ಟೆಯ ಮೇಲೆ ಉಳಿದ ಚೂರು ಎಣ್ಣೆ ಕುಡಿದು ಕರಗಿ, ಹಸಿರು ಬಣ್ಣದ ಜೊತೆ ಮುದ್ದೆಯಾಗಿತ್ತು.

"ಅಣ್ಣ," ಅಂದರು, "ಉಳ ತಿಂದದು ಅಂತ ಎದುರ್ಕಂಡಿ. ಉಳ ತಿನ್ನನಿಲ್ಲ. ನಾನೇ ಕಿತ್ತಾಕ್ಬುಟ್ಟಿ."

ನನಗೆ ಆ ದಿನ ತಮಾಷೆ ಬರಲಿಲ್ಲ.

ಚಾಮರಾಜನಗರದಲ್ಲಿ ಶಿವರಾಮು ಎಂಬ ಡ್ರಾಯಿಂಗ್ ಮೇಷ್ಟ್ರು ಇದ್ದಾರೆ, ರಿಟೈರಾಗಿದ್ದಾರೆ. ನಯನಾಳ ಸ್ಪರ್ಧೆಗೆ ತೀರ್ಪು ಕೊಟ್ಟವರು ಅವರೇ. ಮುಂದಿನ ಸೋಮವಾರ ನೀಲಮ್ಮ ಚಿತ್ರಕ್ಕೆ ಹಳೇ ಸೀರೆ ಸುತ್ತಿಕೊಂಡು ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿದರು. ಚೌಕಟ್ಟು ಹಿಡಿದುಕೊಳ್ಳಲು ನನ್ನನ್ನೂ ಕರೆದರು. ದಾರಿಯುದ್ದಕ್ಕೂ ಸೀರೆ ದಾಟಿ ಕಂಡಕ್ಟರನ ಅಂಗಿಗೆ ಆಕಾಶ ಹತ್ತಿತು.

ಮೇಷ್ಟ್ರು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಚುಕ್ಕಿಯ ಲೆಕ್ಕ ಕೇಳಿ ತಲೆದೂಗಿದರು. ಆಮೇಲೆ ಕಿರುಬೆರಳಲ್ಲಿ ರಸ್ತೆಯನ್ನು ಸವರಿ ಮೂಗಿಗೆ ಹಿಡಿದರು. ನಗು ತಡೆಯಲಾಗಲಿಲ್ಲ ಅವರಿಗೆ.

"ಅಮ್ಮ, ಇದು ತಲೆಗೆ ಹಾಕೋ ಎಣ್ಣೆ ಅಲ್ವಾ?"

"ಹರಳೆಣ್ಣೆ ಮೇಷ್ಟ್ರೇ. ನಮ್ಮನೇದೇ. ಬೆರಕೆ ಇಲ್ಲ."

"ಬೆರಕೆ ಇದ್ದಿದ್ರೆ ಸ್ವಲ್ಪನಾದ್ರೂ ಒಣಗ್ತಿತ್ತೋ ಏನೋ. ಇದು ನಿಮ್ ಮೊಮ್ಮಗಳ ಮೊಮ್ಮಗಳ ಕಾಲಕ್ಕೂ ಒಣಗಲ್ಲಮ್ಮ. ಎಣ್ಣೆಗಳಲ್ಲಿ ಗಾಳಿಗೆ ತಾನೇ ಒಣಗಿ ಗಟ್ಟಿಯಾಗೋ ಜಾತಿ ಬೇರೆ. ಚಿತ್ರಕ್ಕೆ ಅದೇ ಬೇಕು. ಅಗಸೆ ಎಣ್ಣೆ."

ನೀಲಮ್ಮ ನನ್ನ ಕಡೆ ತಿರುಗಿದರು.

"ಅಣ್ಣ, ನಮ್ಮಜ್ಜಿ ಬಾಗ್ಲಿಗೆ ತಿಕ್ತಿದ್ದದ್ದು ಅದೇ ಕಣಣ್ಣ. ಒಂದು ಪಾವು ಬ್ಯಾರೆ ತೆಗೆದು ಮಡಗ್ತಿದ್ರು. 'ಇದ್ನ ದೀಪಕ್ಕಾಕ್ಬೇಡಿ, ಇದು ದೀಪ್ದ ಬಾಯಿ ಕಟ್ಬುಡ್ತದೆ' ಅಂತಿದ್ರು. ನಾನು ಹಲಗೆ ಮೇಲೆ ಕುಂತು ಬೀದಿ ನೋಡ್ತಿದ್ದಿ, ಎಣ್ಣೆ ನೋಡ್ನಿಲ್ಲ."

ಮೇಷ್ಟ್ರು ಒಳಗೆ ಹೋಗಿ ಒಂದು ಸಣ್ಣ ಸೀಸೆ ತಂದರು. ತಮ್ಮಲ್ಲಿ ಉಳಿದದ್ದು, ತೆಗೆದುಕೊಂಡು ಹೋಗಿ ಎಂದರು. ನೀಲಮ್ಮ ಸೀಸೆಯ ಬಿರಡೆ ತೆಗೆದು, ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು, ಮುದ್ದಯ್ಯನವರ ಹಾಗೇ ಊದಿದರು. ಮೂಸಿದರು. ಬಿರಡೆ ಹಾಕಿ ವಾಪಸ್ಸು ಕೊಟ್ಟರು. "ಗುರುತು ಸಿಕ್ತು ಮೇಷ್ಟ್ರೇ. ಎಣ್ಣೆ ನಾನು ಮಾಡ್ಕತೀನಿ. ಕುಂಚ ಹಿಡಿಯದು ಹೇಳ್ಕೊಡಿ."

ಹಾಗೆ ಹೊಸ ಬಟ್ಟೆಯ ಮೇಲೆ ಎರಡನೇ ಸಲ ಶುರುವಾಯಿತು. ಮೈಸೂರಿನ ಸಂತೆಪೇಟೆಯಿಂದ ಅಗಸೆ ಬೀಜ ಬಂತು. ಸೋಮೇಶ್ ಯಂತ್ರವನ್ನು ತೊಳೆದು ಕೊಡುತ್ತೇನೆ ಎಂದ. ಬೇಡ, ಕಡಲೆಕಾಯಿ ವಾಸನೆ ಹೋಗುವುದಿಲ್ಲ ಎಂದು ನೀಲಮ್ಮ ಒರಳಿನಲ್ಲಿ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಹಿತ್ತಿಲಿನ ಗಾಣದ ಕಲ್ಲುಗಳನ್ನೇ ಮೇಲೆ ಹೇರಿದರು. ನಾಲ್ಕು ದಿನಕ್ಕೆ ಕಾಲು ಸೇರು ಇಳಿಯಿತು. ಗಾಜಿನ ಜಾಡಿಗೆ ಹಾಕಿ ಒಂದು ತಿಂಗಳು ತಾರಸಿಯ ಬಿಸಿಲಿಗೆ ಇಟ್ಟರು. ಕೆಳಗೆ ಗಸಿ ನಿಂತು, ಮೇಲೆ ತಿಳಿ ಬಂತು, ಹೊಸ ಬೆಲ್ಲದ ಪಾಕದ ಬಣ್ಣ.

ಮೇಷ್ಟ್ರು ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದರು. ಒಳ್ಳೆಯ ಮನುಷ್ಯ, ಕುಂಚ ಕಸಿದುಕೊಳ್ಳುವ ಚಾಳಿ ಇರಲಿಲ್ಲ. ಮೊದಲು ತೆಳ್ಳಗೆ, ಆಮೇಲೆ ದಪ್ಪ ಎಂದರು. ರಸ್ತೆಯ ನೀರು ಬರೆಯಬೇಡಿ, ನೀರಿನೊಳಗೆ ಕಾಣುವ ಮನೆ ಬರೆಯಿರಿ, ನೀರು ತಾನೇ ಬರುತ್ತದೆ ಎಂದರು. ಜನರ ವಿಚಾರಕ್ಕೆ ಒಂದು ಮಾತು ಹೇಳಿದರು, ಅದು ನೀಲಮ್ಮನಿಗೆ ಹಿಡಿಸಿತು. "ದೂರದಲ್ಲಿರೋರಿಗೆ ಕಣ್ಣು ಮೂಗು ಹಾಕ್ಬೇಡಿ. ದೂರದಲ್ಲಿ ಬರೋನ್ನ ನೀವು ಹೆಂಗೆ ಗುರುತು ಹಿಡೀತೀರಿ? ನಡಿಗೇಲಿ. ಆ ನಡಿಗೆ ಹಾಕಿ ಸಾಕು."

ಆಮೇಲೆ ನೀಲಮ್ಮ ದಿನಾ ಸಂಜೆ ಬಸ್ ಸ್ಟ್ಯಾಂಡಿನ ಎದುರಿನ ಕಟ್ಟೆಯ ಮೇಲೆ ಹೋಗಿ ಕುಳಿತು ಜನರ ಬೆನ್ನು ನೋಡತೊಡಗಿದರು. ಒಂದೆರಡು ಸಲ ನಾನೂ ಜೊತೆಗೆ ಹೋದೆ. ಎಷ್ಟು ಬದಲಾಗಿದೆ ಎಂದು ಆಗ ನನಗೆ ಗೊತ್ತಾಯಿತು. ನಮ್ಮ ಕಾಲದಲ್ಲಿ ಬೆನ್ನು ನೋಡಿದರೆ ಕಸುಬು ಹೇಳಬಹುದಿತ್ತು. ಮೂಟೆ ಹೊರುವವನ ಭುಜ ಒಂದು ಕಡೆ ಇಳಿದಿರುತ್ತಿತ್ತು, ನೀರು ಹೊತ್ತವಳ ಸೊಂಟ ಒಂದು ಕಡೆ ಏರಿರುತ್ತಿತ್ತು, ಕುರಿ ಕಾಯುವವನು ಕೋಲಿಲ್ಲದಾಗಲೂ ಕೋಲೂರಿದ ಹಾಗೇ ನಡೆಯುತ್ತಿದ್ದ. ಈಗ ಎಲ್ಲರ ಬೆನ್ನಿಗೂ ಒಂದೇ ಥರದ ಬ್ಯಾಗು, ಎಲ್ಲರ ಕತ್ತೂ ಫೋನಿನ ಮೇಲೆ ಬಗ್ಗಿದೆ. ತಲೆಯ ಮೇಲೆ ಹೊತ್ತು ನಡೆಯುವ ಹೆಂಗಸು ದಿನಕ್ಕೊಬ್ಬಳು ಸಿಕ್ಕರೆ ಹೆಚ್ಚು. ಒಂದು ದಿನ ಈರುಳ್ಳಿ ಮಂಡಿಯ ಕಡೆಯಿಂದ ಒಬ್ಬಾಕೆ ಚೀಲ ಹೊತ್ತು ಬಂದಳು. ನೀಲಮ್ಮ ಎದ್ದು ಅವಳ ಹಿಂದೆಯೇ ಅರ್ಧ ಫರ್ಲಾಂಗು ಹೋದರು. ಆಕೆ ತಿರುಗಿ ನಿಂತು, "ಏನಮ್ಮ, ನನ್ ಚೀಲದ್ ಮ್ಯಾಲೆ ಕಣ್ಣಾ?" ಅಂದಳು.

"ಚೀಲದ ಮ್ಯಾಲಲ್ಲ ಕಣವ್ವ, ಕಾಲ್ ಮ್ಯಾಲೆ."

"ಕಾಲಿಗೇನಾಗದೆ?"

"ಏನೂ ಆಗಿಲ್ಲ. ಅದೇ ತೊಂದ್ರೆ. ಓಗು."

ಎಂಟು ತಿಂಗಳು ಹೀಗೆ ನಡೆಯಿತು. ಈ ಸಲ ಕುದುರೆ ಕುದುರೆಯಾಗೇ ಬಂತು. ಹೂವಿನವಳಿಗೆ ಕತ್ತು ಬಂತು. ಹುಳ ತಿಂದ ಛಾವಣಿಗಳನ್ನು ನೀಲಮ್ಮ ನೆನಪಿನಿಂದಲೇ ಹಾಕಿದರು, ಲಕ್ಷ ಸುತ್ತು ನೋಡಿದವರಿಗೆ ಅದೇನು ಕಷ್ಟ. ಬಣ್ಣ ಐದು ದಿನಕ್ಕೆ ಒಣಗುತ್ತಿತ್ತು, ಮುಟ್ಟಿದರೆ ದೊಡ್ಡಮಲ್ಲಮ್ಮನ ಬಾಗಿಲನ್ನು ಮುಟ್ಟಿದ ಹಾಗೆ. ಇಪ್ಪತ್ತೆರಡು ಜನ ಬಂದು ನಿಂತರು. ಮೂಲೆಯಲ್ಲಿ ಮೂರು ಚುಕ್ಕಿ ಅಗಲ, ಐದು ಚುಕ್ಕಿ ಎತ್ತರದ ಜಾಗ ಮಾತ್ರ ಖಾಲಿ. ಅಲ್ಲಿ ಏಳು ಸಲ ಬರೆದು ಏಳು ಸಲ ಅಳಿಸಿದ್ದರು. ಬಟ್ಟೆಯೇ ಅಲ್ಲಿ ತೆಳುವಾಗಿತ್ತು. ಕತ್ತು ಸರಿ ಬರುತ್ತಿತ್ತು, ಸೀರೆ ಸರಿ ಬರುತ್ತಿತ್ತು, ಆ ಎಡಗಾಲು ಹೊರಕ್ಕೆ ಬೀಳುವುದು ಮಾತ್ರ ಬರುತ್ತಿರಲಿಲ್ಲ. ಸ್ವಲ್ಪ ಹೆಚ್ಚಾದರೆ ಕುಂಟಿಯ ಹಾಗೆ ಕಾಣುತ್ತಿತ್ತು, ಸ್ವಲ್ಪ ಕಡಿಮೆಯಾದರೆ ಯಾರೋ ಬೇರೆ ಹೆಂಗಸು. "ನಮ್ಮವ್ವ ಕುಂಟಿ ಅಲ್ಲ ಅಣ್ಣ, ಅವಳ ನಡಿಗೆ ಅಂಗೆ" ಅನ್ನುತ್ತಿದ್ದರು.

ಹೋದ ತಿಂಗಳು ಒಂದು ಭಾನುವಾರ ಮೇಷ್ಟ್ರು ಬಂದಿದ್ದರು. ನಾನೂ ಅಲ್ಲೇ ಇದ್ದೆ. ನಯನಾ ಕೋಣೆಯಿಂದ ಫೋನು ಹಿಡಿದುಕೊಂಡು ಓಡಿ ಬಂದಳು.

"ಅಜ್ಜಿ, ಸಿಕ್ತು. ಹರಿದಿರೋ ಕ್ಯಾಲೆಂಡರ್ ಫೋಟೋ ಹಾಕಿ ಹುಡುಕ್ದೆ. ಅದೇ ಚಿತ್ರ, ಪೂರ್ತಿ ಇದೆ. ನೋಡಿ, ಮೂಲೆಲಿ ಅವ್ರೂ ಇದಾರೆ."

ನೀಲಮ್ಮ ಕನ್ನಡಕ ಹಾಕಿಕೊಂಡು ಫೋನನ್ನು ಎರಡು ಕೈಯಲ್ಲಿ ಹಿಡಿದರು. ನಯನಾ ಬೆರಳಿನಿಂದ ಎಳೆದು ಆ ಮೂಲೆಯನ್ನು ದೊಡ್ಡದು ಮಾಡಿದಳು. ಐವತ್ತು ವರ್ಷದ ಹಿಂದಿನ ಹೆಂಗಸು ತೂತಿಲ್ಲದೆ, ಕಲೆಯಿಲ್ಲದೆ ನಿಂತಿದ್ದಳು. ನಾನೂ ಇಣುಕಿದೆ. ತಲೆಗೆ ಟೋಪಿ. ಸೊಂಟ ಬಿಗಿದ ಉದ್ದನೆಯ ಲಂಗ, ನೆಲ ಗುಡಿಸುವಷ್ಟು ಉದ್ದ. ಕೈಯಲ್ಲಿದ್ದದ್ದು ಬುಟ್ಟಿಯಲ್ಲ, ರಿಬ್ಬನ್ ಕಟ್ಟಿದ ಒಂದು ಡಬ್ಬಿ.

ನೀಲಮ್ಮ ಬಹಳ ಹೊತ್ತು ನೋಡಿದರು.

"ಇವಳಿಗೆ ಕಾಲೇ ಕಾಣಲ್ವಲ್ಲ ಕೂಸೇ," ಅಂದರು.

"ಲಂಗ ಮುಚ್ಚಿದೆ ಅಜ್ಜಿ."

"ಮತ್ತೆ ನಾನು ಎಡಗಾಲು ನೋಡ್ತಿದ್ನಲ್ಲ, ಪ್ರತಿ ಸುತ್ತಲ್ಲೂ."

ಮೇಷ್ಟ್ರಿಗೆ ಪಾಪ ಅನಿಸಿತ್ತು ಎಂದು ಮುಖದಲ್ಲೇ ತಿಳಿಯುತ್ತಿತ್ತು.

"ಅಮ್ಮ, ಮನ್ಸಿಗೆ ಹಚ್ಕೋಬೇಡಿ," ಅಂದರು. "ಮಿಕ್ಕಿದ್ದೆಲ್ಲ ನೀವೇ ಬರ್ದಿದೀರಿ, ನಾನು ಒಂದು ಗೆರೆ ಮುಟ್ಟಿಲ್ಲ. ಇದೊಂದು ನನಗೆ ಬಿಡಿ. ಬೆನ್ನು ತಾನೇ. ಈ ಫೋಟೋ ಇಟ್ಕೊಂಡು, ಟೋಪಿ ತೆಗೆದು, ಸೀರೆ ಉಡಿಸಿ, ಹತ್ತು ನಿಮಿಷದಲ್ಲಿ ಕೂರಿಸಿ ಕೊಡ್ತೀನಿ. ಚಿತ್ರ ಇವತ್ತೇ ಗೋಡೆಗೆ ಹೋಗುತ್ತೆ." ಹೇಳುತ್ತಲೇ ಸಣ್ಣ ಕುಂಚವನ್ನು ಎತ್ತಿಕೊಂಡು ಎಣ್ಣೆಯ ಬಟ್ಟಲಿಗೆ ಕೈ ಚಾಚಿದರು.

ನೀಲಮ್ಮ ಫೋನನ್ನು ಮೊಮ್ಮಗಳ ಕೈಗೆ ಕೊಟ್ಟರು. ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು. ಮೇಷ್ಟ್ರ ಕೈಯಿಂದ ಕುಂಚವನ್ನು ಮೆತ್ತಗೆ ಬಿಡಿಸಿಕೊಂಡು, ಸೆರಗಿನಿಂದ ಒರೆಸಿದರು.

"ಬ್ಯಾಡಿ ಮೇಷ್ಟ್ರೇ. ನಿಮ್ ಕೈ ದೊಡ್ದು, ಇಲ್ಲ ಅನ್ನಲ್ಲ. ಆದ್ರೆ ನೀವು ಕೂರ್ಸೋಳು ಈ ಫೋನಿನೋಳು, ಅವಳ್ಗೆ ನಮ್ಮನೆ ಸೀರೆ ಉಡ್ಸುದ್ರೆ ನಮ್ಮವ್ವ ಆದ್ಲಾ? ಅವಳಿಗೆ ಕಾಲಿಲ್ಲ ಅಂತ ಇವತ್ತು ಗೊತ್ತಾಯ್ತು. ಕಾಲು ಹಾಕ್ದೋಳು ನಾನೇ, ಹಲಗೆ ಮೇಲೆ ಕುಂತ್ಕಂಡು. ಅವತ್ತು ಕುಂಚ ಇಲ್ದೆ ಹಾಕಿದ್ದಿ, ಇವತ್ತು ಕುಂಚ ಅದೆ. ಏಳ್ ಸಲ ಕೆಡ್ತು, ಇನ್ನೇಳ್ ಸಲ ಕೆಡ್ಲಿ, ಬಟ್ಟೆ ಹರುದ್ರೆ ತ್ಯಾಪೆ ಹಾಕ್ತಿನಿ. ನೀವು ಅತ್ಲಾಗೆ ಕುಂತ್ಕಂಡು ಕಾಪಿ ಕುಡೀರಿ, ಇದ್ನ ನನಗೆ ಬುಡಿ."